ಮಕ್ಕಳ ಲೆಕ್ಕ: ಕಡತದಿಂದ ಪಾಸ್‌ಬುಕ್ಕಿನವರೆಗೆ



ನಮ್ಮ ಹಾಲು ಉತ್ಪಾದಕರ ಸಂಘದ ಏಳಿಗೆಯ ಬಗ್ಗೆ ಈ ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಹಿರಿಯರು ಬರೆಯುತ್ತಾರೆ. ನಾವು ಸಣ್ಣ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ. ನಮ್ಮ ನಾಡಿನ ಮಕ್ಕಳು ಲೆಕ್ಕವನ್ನೂ ದುಡ್ಡಿನ ವ್ಯವಹಾರವನ್ನೂ ಹೇಗೆ ಕಲಿತುಕೊಂಡು ಬಂದರು ಎಂಬುದೇ ಆ ವಿಷಯ. ಸಣ್ಣದು ಅಂದೆವು, ಆದರೆ ಲೆಕ್ಕ ಬಾರದೆ ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಮನೆಯಲ್ಲಿ ಅದು ಸಣ್ಣದಲ್ಲ.

ಕನ್ನಡದಲ್ಲಿ ಲೆಕ್ಕದ ಪುಸ್ತಕ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕವಿಯು ‘ವ್ಯವಹಾರ ಗಣಿತ’ ಬರೆದಿದ್ದಾನೆ. ಆದರೆ ಹಳ್ಳಿ ಹುಡುಗರಿಗೆ ಲೆಕ್ಕ ಕಲಿಸಿದವರು ಊರಿನ ಐಗಳು. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ಬಗ್ಗೆ ಮದ್ರಾಸಿಗೆ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಬೆಳಿಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ‘ಸರಸ್ವತಿ’ ಎಂದು ಬರೆಯುತ್ತಿದ್ದರಂತೆ. ಎರಡನೆಯವನಿಗೆ ಸೊನ್ನೆ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹಿಂದೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಹತ್ತನೆಯವನಾಗಿ ಬಂದರೆ ಎಂಟು! ಏಟು ತಿನ್ನುತ್ತಲೇ ಕೂಡುವ ಲೆಕ್ಕ ಬಂದುಬಿಡುತ್ತಿತ್ತೇನೋ.

ಆಗ ಮಕ್ಕಳು ಮರಳ ಮೇಲೆ ಬೆರಳಲ್ಲಿ ತಿದ್ದುತ್ತಿದ್ದರು. ಆಮೇಲೆ ಕಡತ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಲ್ಲಿ ಬರೆಯುವುದು. ಇಂದು ಕಚೇರಿಯಲ್ಲಿ “ಕಡತ ಮುಂದೆ ಹೋಗಿಲ್ಲ” ಅಂತಾರಲ್ಲ, ಅದೇ ಮಾತು. ಸಾಲಾಗಿ ನಿಂತು ಮಗ್ಗಿ ಒಪ್ಪಿಸಬೇಕಿತ್ತು, ಚಿಕ್ಕವರಿಗೆ ದೊಡ್ಡ ಹುಡುಗರೇ ಹೇಳಿಕೊಡುತ್ತಿದ್ದರು. ಕ್ಯಾಂಪ್‌ಬೆಲ್ಲನ ಪಟ್ಟಿಯಲ್ಲಿ ಇನ್ನೊಂದು ಅಂಕಿಯೂ ಇದೆ: ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು ಬರೀ 60.

ಆ ಕಾಲದ ಲೆಕ್ಕದಲ್ಲಿ ಭಿನ್ನರಾಶಿಗೆ ಬಹಳ ಬೆಲೆ. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಬೇರೆಯೇ ಇದ್ದವು. ಯಾಕೆಂದರೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಸೇರಿಗೆ ನಾಲ್ಕು ಪಾವು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕಣದಲ್ಲಿ ರಾಶಿ ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅಂತ ಶುರು ಮಾಡಿ, ಆಮೇಲೆ ಎರಡು, ಮೂರು ಎನ್ನುತ್ತಿದ್ದರು. ಪಕ್ಕದಲ್ಲಿ ಕೂತ ಮಗುವಿಗೆ ಅದೇ ಪಾಠಶಾಲೆ.

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ 100. ಲೆಕ್ಕ ಸುಲಭವಾಯಿತು ನಿಜ, ಆದರೆ ಮಧ್ಯೆ ಒಂದು ತೊಡಕು. ಒಂದು ಆಣೆ ಅಂದರೆ ಆರೂಕಾಲು ಪೈಸೆ. ಕಾಲು ಪೈಸೆ ಎಲ್ಲಿಂದ ತರುವುದು? ಆದ್ದರಿಂದ ಒಂದು ಆಣೆಗೆ 6 ಪೈಸೆ ಕೊಡುತ್ತಿದ್ದರು, ನಾಲ್ಕಾಣೆಗೆ 25. ಒಂದೊಂದೇ ಆಣೆ ಕೊಟ್ಟು ನಾಲ್ಕು ಸಲ ಬದಲಾಯಿಸಿದ ಹುಡುಗನಿಗೆ ಸಿಕ್ಕಿದ್ದು 24, ಒಟ್ಟಿಗೆ ಕೊಟ್ಟವನಿಗೆ 25. ಕೂಡಿಟ್ಟು ತಂದವನಿಗೆ ಒಂದು ಪೈಸೆ ಲಾಭ! ನಾಲ್ಕಾಣೆ ನಾಣ್ಯದ ಚಲಾವಣೆ 2011ರ ಜೂನ್ 30ಕ್ಕೆ ನಿಂತುಹೋದರೂ ‘ನಾಲ್ಕಾಣೆ’, ‘ಎಂಟಾಣೆ’ ಮಾತುಗಳು ಹಿರಿಯರ ಬಾಯಲ್ಲಿ ಉಳಿದಿವೆ.

ಉಳಿತಾಯ ಅಂದರೆ ಮೊದಲು ಕುಂಬಾರರ ಮಣ್ಣಿನ ಹುಂಡಿ. ಹಾಕಬಹುದು, ಒಡೆಯದೆ ತೆಗೆಯುವ ಹಾಗಿಲ್ಲ. ಈಗಿನ ಅವಧಿ ಠೇವಣಿಗಿಂತ ಅದೇ ಬಿಗಿ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ, ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಇದ್ದರೂ ಸಾಕು, ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. 2014ರಲ್ಲಿ ರಿಸರ್ವ್ ಬ್ಯಾಂಕು ಹತ್ತು ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಅವಕಾಶ ಮಾಡಿತು. ಇದು ನಮ್ಮ ಎಷ್ಟೋ ಸದಸ್ಯರಿಗೆ ಗೊತ್ತಿಲ್ಲ.

ಇನ್ನು ಸಾಲದ ಮಾತು. ಸಹಕಾರ ಹುಟ್ಟಿದ್ದೇ ಬಡ್ಡಿಯ ಕಾಟದಿಂದ. 1904ರಲ್ಲಿ ಕಾಯಿದೆ ಬಂತು, 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದರು. ಆದರೆ ಬಡ್ಡಿ ಲೆಕ್ಕ ಬಾರದಿದ್ದರೆ ಸಂಘ ಇದ್ದೂ ಪ್ರಯೋಜನವಿಲ್ಲ. ಕೈಸಾಲ ಕೊಡುವವರು “ನೂರಕ್ಕೆ ಮೂರು” ಅಂತಾರೆ, ಬ್ಯಾಂಕಿನವರು “ನೂರಕ್ಕೆ ಒಂಬತ್ತು” ಅಂತಾರೆ. ಮೂರೇ ಕಡಿಮೆ ಎಂದು ಹುಡುಗರೂ ಹೇಳುತ್ತಾರೆ, ಕೆಲವು ದೊಡ್ಡವರೂ ಹೇಳುತ್ತಾರೆ. ಆ ಮೂರು ತಿಂಗಳಿಗೆ, ಈ ಒಂಬತ್ತು ವರ್ಷಕ್ಕೆ. ಸಾವಿರ ರೂಪಾಯಿಗೆ ವರ್ಷಕ್ಕೆ ಅಲ್ಲಿ 360, ಇಲ್ಲಿ 90. ಶಾಲೆಯಲ್ಲಿ ಸರಳ ಬಡ್ಡಿಯ ಸೂತ್ರ ಬಾಯಿಪಾಠ ಮಾಡಿದ ಮಗು ಈ ಒಂದು ಪ್ರಶ್ನೆಗೆ ತಡಬಡಿಸುತ್ತದೆ.

ನಮ್ಮೂರಲ್ಲಿ ಈ ಪಾಠಕ್ಕೆ ಹಾಲಿನ ಪಾಸ್‌ಬುಕ್ಕು ಇದೆ. ನಾಲ್ಕೂವರೆ ಲೀಟರ್ ಹಾಲು, ಲೀಟರಿಗೆ 32 ರೂಪಾಯಿ ಎಂದಿಟ್ಟುಕೊಳ್ಳಿ. ನಾಲ್ಕಕ್ಕೆ 128, ಅರ್ಧಕ್ಕೆ 16, ಒಟ್ಟು 144. ಮೊಬೈಲು ತೆಗೆಯುವ ಮೊದಲೇ ಮಗು ಹೇಳಬಹುದು. ಬಟವಾಡೆ ದಿನ 3,000 ಬಂದರೆ ಸೈಕಲ್ ಕೊಡಿಸು ಅನ್ನುವುದು ಮಕ್ಕಳ ಹಟ. ಆಗ ಹಿಂಡಿ ಬೂಸಾಕ್ಕೆ 1,400, ಹಸುವಿನ ಸಾಲದ ಕಂತಿಗೆ 900 ಎಂದು ತೆಗೆದಿಟ್ಟು, ಮಿಕ್ಕ 700 ಅವರ ಕೈಯಲ್ಲೇ ಎಣಿಸಿರಿ.

ಮನೆಯ ಸಾಲ ಮಕ್ಕಳ ಕಿವಿಗೆ ಬೀಳಬಾರದು ಎಂದು ನಮ್ಮ ನಿರ್ದೇಶಕ ಮಂಡಳಿಯಲ್ಲೇ ಕೆಲವರ ವಾದ. ನಾವು ಒಪ್ಪುವುದಿಲ್ಲ. ಅಪ್ಪನ ಮುಖ ನೋಡಿ ಅವಕ್ಕೆ ಹೇಗೂ ಗೊತ್ತಾಗಿರುತ್ತದೆ, ಗೊತ್ತಿಲ್ಲದ್ದು ಮೊತ್ತ ಮಾತ್ರ. ಬಟವಾಡೆ ದಿನ ಸಂಘಕ್ಕೆ ಬರುವಾಗ ಮಕ್ಕಳನ್ನೂ ಕರೆತನ್ನಿ, ಹೆಣ್ಣುಮಕ್ಕಳನ್ನು ಮರೆಯಬೇಡಿ. ಎಣಿಸುವುದಕ್ಕೆ ಹೊತ್ತು ಹಿಡಿದರೂ ನಮ್ಮ ಕಾರ್ಯದರ್ಶಿಯವರು ಬೇಸರ ಮಾಡಿಕೊಳ್ಳುವುದಿಲ್ಲ.