ಮಧುಮೇಹಿಗಳಲ್ಲಿ ಜೀರ್ಣಕಿಣ್ವಗಳ ಕೊರತೆ

ಮಧುಮೇಹವೆಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚುವ ಕಾಯಿಲೆ ಎಂಬುದು ಎಲ್ಲರಿಗೂ ತಿಳಿದಿದೆ. ಆದರೆ ಇನ್ಸುಲಿನ್ ಸ್ರವಿಸುವ ಮೇದೋಜೀರಕ ಗ್ರಂಥಿಯೇ ಉಂಡ ಆಹಾರವನ್ನು ಅರಗಿಸುವ ರಸವನ್ನೂ ಒದಗಿಸುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಈ ರಸದ ಕೊರತೆಯಾದಾಗ ಹೊಟ್ಟೆ ತುಂಬ ಉಂಡರೂ ರೋಗಿ ಸೊರಗುತ್ತಾ ಹೋಗುತ್ತಾನೆ. ತೂಕ ಇಳಿದರೆ ಸಕ್ಕರೆ ಕಾಯಿಲೆಯ ಲಕ್ಷಣವೆಂದೂ, ಭೇದಿಯಾದರೆ ಮಾತ್ರೆಯ ಅಡ್ಡಪರಿಣಾಮವೆಂದೂ ಭಾವಿಸುವುದರಿಂದ ನಿಜವಾದ ಕಾರಣ ಮರೆಯಲ್ಲೇ ಉಳಿಯುವುದುಂಟು.

ಒಂದೇ ಗ್ರಂಥಿ, ಎರಡು ಕೆಲಸ:
ಜಠರದ ಹಿಂಭಾಗದಲ್ಲಿರುವ ಈ ಗ್ರಂಥಿಯ ಬಹುಭಾಗ ಮೀಸಲಾಗಿರುವುದು ಜೀರ್ಣಕ್ರಿಯೆಗೆ. ಇನ್ಸುಲಿನ್ ತಯಾರಾಗುವ ಕೋಶಗಳ ಪುಟ್ಟ ಗುಂಪುಗಳನ್ನು 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಮೊದಲು ವಿವರಿಸಿದರು. ಉಳಿದ ಭಾಗ ತಯಾರಿಸುವ ಕಿಣ್ವಗಳಲ್ಲಿ ಅಮೈಲೇಸ್ ಪಿಷ್ಟವನ್ನೂ, ಟ್ರಿಪ್ಸಿನ್ ಪ್ರೋಟೀನನ್ನೂ, ಲೈಪೇಸ್ ಕೊಬ್ಬನ್ನೂ ಒಡೆಯುತ್ತವೆ. ಗ್ರಂಥಿಯ ಮೀಸಲು ಶಕ್ತಿ ದೊಡ್ಡದು. ಲೈಪೇಸ್ ಪ್ರಮಾಣ ಸಹಜಮಟ್ಟದ ಶೇ. 10ಕ್ಕಿಂತ ಕೆಳಗಿಳಿದ ನಂತರವೇ ಸಾಮಾನ್ಯವಾಗಿ ಮಲದಲ್ಲಿ ಜಿಡ್ಡು ಕಾಣಿಸಿಕೊಳ್ಳುತ್ತದೆ.

ಕಾರಣಗಳು:
ದೀರ್ಘಕಾಲದ ಮೇದೋಜೀರಕ ಉರಿಯೂತ, ಗ್ರಂಥಿಯ ಶಸ್ತ್ರಚಿಕಿತ್ಸೆ, ಗಡ್ಡೆ, ಸಿಸ್ಟಿಕ್ ಫೈಬ್ರೋಸಿಸ್ ಇವು ಕಿಣ್ವಗಳನ್ನೂ ಇನ್ಸುಲಿನ್ನನ್ನೂ ಒಟ್ಟಿಗೆ ಕುಗ್ಗಿಸಬಲ್ಲವು. ಇಂಥ ಮಧುಮೇಹವನ್ನು ವೈದ್ಯರು ‘ಟೈಪ್ 3ಸಿ’ ಎನ್ನುತ್ತಾರೆ. ಟೈಪ್ 1 ಹಾಗೂ ಟೈಪ್ 2 ಮಧುಮೇಹಿಗಳಲ್ಲಿಯೂ ಕೆಲವರಿಗೆ ಕಿಣ್ವಗಳ ಕೊರತೆ ಕಂಡುಬರುತ್ತದೆ.

ದಕ್ಷಿಣ ಭಾರತಕ್ಕೆ, ವಿಶೇಷವಾಗಿ ಕೇರಳಕ್ಕೆ, ಪರಿಚಿತವಾದ ಇನ್ನೊಂದು ರೂಪವಿದೆ. ಮದ್ಯ ಮುಟ್ಟದ, ಕೃಶ ದೇಹದ ಯುವಜನರ ಗ್ರಂಥಿಯಲ್ಲಿ ಕಲ್ಲುಗಳು ಬೆಳೆದು, ಹೊಟ್ಟೆನೋವಿನ ಹಿಂದೆಯೇ ಮಧುಮೇಹ ಬರುತ್ತದೆ. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಪೌಷ್ಟಿಕತೆಗೆ ಸಂಬಂಧಿಸಿದ ಮಧುಮೇಹದ ಗುಂಪಿಗೆ ಸೇರಿಸಿತ್ತು. 1999ರಲ್ಲಿ ಮೇದೋಜೀರಕ ಗ್ರಂಥಿಯ ರೋಗಗಳ ಗುಂಪಿಗೆ ವರ್ಗಾಯಿಸಿತು.

ಲಕ್ಷಣಗಳು:
ಜಿಡ್ಡಿನಿಂದ ಕೂಡಿದ, ನೀರು ಸುರಿದರೂ ಸುಲಭವಾಗಿ ಹೋಗದ, ದುರ್ವಾಸನೆಯ ಮಲ, ಹೊಟ್ಟೆಯುಬ್ಬರ, ತೂಕದ ಇಳಿಕೆ ಮುಖ್ಯ ಲಕ್ಷಣಗಳು. ಕೊಬ್ಬಿನೊಡನೆ ಹೀರಲ್ಪಡುವ ಎ, ಡಿ, ಇ, ಕೆ ವಿಟಮಿನ್‌ಗಳು ನಷ್ಟವಾಗುವುದರಿಂದ ಮೂಳೆಗಳು ದುರ್ಬಲವಾಗುತ್ತವೆ. ತೊಂದರೆ ತಪ್ಪಿಸಲೆಂದು ರೋಗಿ ತಾನಾಗಿಯೇ ಎಣ್ಣೆ, ತುಪ್ಪ ಬಿಟ್ಟಿದ್ದರೆ ಜಿಡ್ಡಿನ ಮಲ ಕಾಣಿಸದೆಯೂ ಇರಬಹುದು.

ಪರೀಕ್ಷೆ:
ಮಲದಲ್ಲಿನ ಎಲಾಸ್ಟೇಸ್ ಕಿಣ್ವವನ್ನು ಅಳೆಯುವುದು ಸುಲಭ ವಿಧಾನ. ಒಂದು ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆಯ ಸಂಶಯ, 100ಕ್ಕಿಂತ ಕಡಿಮೆಯಿದ್ದರೆ ಸಂಶಯ ಬಲವಾಗುತ್ತದೆ. ನೀರಿನಂಥ ಭೇದಿಯಿದ್ದಾಗ ಫಲಿತಾಂಶ ತಪ್ಪಾಗಿ ಕಡಿಮೆ ಬರಬಹುದು. ಗ್ರಂಥಿಯ ಸ್ಥಿತಿ ತಿಳಿಯಲು ಸ್ಕ್ಯಾನ್ ಅಗತ್ಯವಾಗುತ್ತದೆ.

ಚಿಕಿತ್ಸೆ:
ಕೊರತೆಯಾದ ಕಿಣ್ವಗಳನ್ನು ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ರೂಪದಲ್ಲಿ ನೀಡಲಾಗುತ್ತದೆ. ವಯಸ್ಕರಿಗೆ ಪ್ರತಿ ಊಟಕ್ಕೆ ಸುಮಾರು 40 ರಿಂದ 50 ಸಾವಿರ ಯೂನಿಟ್ ಲೈಪೇಸ್, ಉಪಾಹಾರಕ್ಕೆ ಅದರ ಅರ್ಧ, ಆರಂಭದ ಸಾಮಾನ್ಯ ಪ್ರಮಾಣ. ಇದನ್ನು ಊಟದ ಜೊತೆಯಲ್ಲೇ ಸೇವಿಸಬೇಕು. ಒಳಗಿನ ಕಾಳುಗಳನ್ನು ಅಗಿಯಬಾರದು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಪ್ರಯೋಜನವಿಲ್ಲ. ಈ ಔಷಧ ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತಯಾರಾಗುವುದರಿಂದ, ಆಕ್ಷೇಪವುಳ್ಳವರು ವೈದ್ಯರೊಡನೆ ಮೊದಲೇ ಚರ್ಚಿಸುವುದು ಒಳ್ಳೆಯದು.

ಎಚ್ಚರಿಕೆ:
ಕಿಣ್ವಗಳನ್ನು ಆರಂಭಿಸಿದ ಮೇಲೆ ಆಹಾರ ಚೆನ್ನಾಗಿ ಹೀರಲ್ಪಟ್ಟು ಸಕ್ಕರೆಯ ಮಟ್ಟ ಏರಬಹುದು. ಇನ್ಸುಲಿನ್ ಪ್ರಮಾಣ ಬದಲಿಸಬೇಕಾಗಬಹುದು. ಟೈಪ್ 3ಸಿ ರೋಗಿಗಳಲ್ಲಿ ಸಕ್ಕರೆಯನ್ನು ಏರಿಸುವ ಗ್ಲುಕಗಾನ್ ಹಾರ್ಮೋನೂ ಕಡಿಮೆಯಿರುವುದರಿಂದ ಸಕ್ಕರೆ ಹಠಾತ್ತನೆ ಕುಸಿಯುವ ಅಪಾಯವುಂಟು. ಊಟ ತಪ್ಪಿಸುವುದು, ಮದ್ಯಪಾನ, ಧೂಮಪಾನ ಇವರಿಗೆ ಸಲ್ಲ. ಮಧ್ಯವಯಸ್ಸು ದಾಟಿದವರಲ್ಲಿ ಹೊಸದಾಗಿ ಮಧುಮೇಹ ಬಂದು ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಗ್ರಂಥಿಯಲ್ಲಿ ಕ್ಯಾನ್ಸರ್ ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಆದ್ದರಿಂದ ಮಧುಮೇಹಿಗಳು ಸಕ್ಕರೆಯ ಅಂಕಿಯ ಜೊತೆಗೆ ತೂಕ ಹಾಗೂ ಮಲದಲ್ಲಾಗುವ ಬದಲಾವಣೆಯನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸುವುದು ಅಗತ್ಯ.