ಆಸ್ಟ್ರೇಲಿಯಾದ ರಾಜ್ಯ ಚುನಾವಣೆಗಳ ಅಭ್ಯರ್ಥಿಗಳು

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಆಸ್ಟ್ರೇಲಿಯಾದ ರಾಜ್ಯಗಳ ಕೆಳಮನೆಗೆ ಸ್ಪರ್ಧಿಸಲು ಕಾನೂನಿನ ಅಡ್ಡಿ ಹೆಚ್ಚಿರಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು ಬಹುಮಟ್ಟಿಗೆ ಯಾರೇ ಆದರೂ ಠೇವಣಿ ಕಟ್ಟಿ ನಾಮಪತ್ರ ಸಲ್ಲಿಸಬಹುದಿತ್ತು. ಆದರೂ ಕಣದಲ್ಲಿ ಉಳಿಯುತ್ತಿದ್ದವರು ಯಾರು ಎಂಬುದನ್ನು ಪಕ್ಷದ ಟಿಕೆಟ್, ಕ್ಷೇತ್ರದ ಗಡಿ ಮತ್ತು ಮತ ಎಣಿಸುವ ಕ್ರಮ ಈ ಮೂರೂ ಸೇರಿ ನಿರ್ಧರಿಸುತ್ತಿದ್ದವು. ಆ ಕಾಲದ ಅಭ್ಯರ್ಥಿಗಳ ಪಟ್ಟಿಯನ್ನು ಹೀಗೆ ಓದಿದರೆ ಫಲಿತಾಂಶದಷ್ಟೇ ವಿಷಯ ಅದರಲ್ಲಿಯೂ ಸಿಗುತ್ತದೆ.

ಬುನಾದಿ ಬಿದ್ದದ್ದು ಹಿಂದಿನ ಶತಮಾನದಲ್ಲಿ. 1856ರಲ್ಲಿ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳು ಗುಪ್ತ ಮತದಾನ ತಂದವು. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳ ಹೆಸರೂ ಒಟ್ಟಿಗೆ ಬಂದಿತು. 1870ರಲ್ಲಿ ವಿಕ್ಟೋರಿಯಾ ತನ್ನ ಶಾಸಕರಿಗೆ ಸಂಬಳ ಕೊಡತೊಡಗಿತು. ಆಸ್ತಿವಂತರಲ್ಲದವರೂ ಶಾಸಕರಾಗಿ ಬದುಕಬಹುದಾದದ್ದು ಇದರಿಂದ. ಕಾರ್ಮಿಕ ಅಭ್ಯರ್ಥಿಗಳ ಮಟ್ಟಿಗೆ ಮತದಾನದ ಹಕ್ಕಿನಷ್ಟೇ ದೊಡ್ಡ ಸುಧಾರಣೆ ಇದು. 1890ರ ದಶಕದಲ್ಲಿ ಹುಟ್ಟಿದ ಲೇಬರ್ ಪಕ್ಷ ತನ್ನ ಅಭ್ಯರ್ಥಿಗಳಿಂದ ಪ್ರತಿಜ್ಞಾಪತ್ರ ಬರೆಸಿಕೊಂಡಿತು: ಸದನದಲ್ಲಿ ಪಕ್ಷದ ಶಾಸಕರ ಸಭೆ ತೀರ್ಮಾನಿಸಿದಂತೆಯೇ ಮತ ಹಾಕಬೇಕು. ಸ್ವಂತ ವರ್ಚಸ್ಸಿನ ಮೇಲೆ ನಿಲ್ಲುತ್ತಿದ್ದ ಹಳೆಯ ಮಾದರಿಯ ಅಭ್ಯರ್ಥಿಯ ಕಾಲ ಅಲ್ಲಿಗೆ ಮುಗಿಯುತ್ತ ಬಂತು.

ಮುಂದೆ ಬಂದ ಎರಡು ಬದಲಾವಣೆಗಳು ಸ್ಪರ್ಧೆಯ ಲೆಕ್ಕಾಚಾರವನ್ನೇ ತಿರುಗಿಸಿದವು. ಮೊದಲನೆಯದು ಕಡ್ಡಾಯ ಮತದಾನ. 1915ರಲ್ಲಿ ಕ್ವೀನ್ಸ್‌ಲ್ಯಾಂಡ್, 1926ರಲ್ಲಿ ವಿಕ್ಟೋರಿಯಾ, ಕೊನೆಯದಾಗಿ 1942ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಇದನ್ನು ಜಾರಿಗೆ ತಂದವು. ಎರಡನೆಯದು ಪ್ರಾಶಸ್ತ್ಯ ಮತ. ಕರ್ನಾಟಕದಲ್ಲಿ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಮತದಾರರು 1, 2, 3 ಎಂದು ಅಂಕಿ ಬರೆಯುವಂತೆಯೇ ಅಲ್ಲಿ ಸಾಮಾನ್ಯ ಮತದಾರನೂ ಬರೆಯಬೇಕಿತ್ತು. ಕಡಿಮೆ ಮತ ಪಡೆದವನು ಹೊರಬಿದ್ದಾಗ ಅವನ ಮತಗಳು ಮುಂದಿನ ಪ್ರಾಶಸ್ತ್ಯದವನಿಗೆ ಹೋಗುತ್ತಿದ್ದವು. ಒಂದೇ ಕಡೆಯ ಇಬ್ಬರು ನಿಂತರೂ ಆ ಕಡೆಯ ಮತ ಪೋಲಾಗದೆ ಉಳಿಯಲು ಸಾಧ್ಯವಿತ್ತು. ಮತಪತ್ರದ ಮೇಲೆ ಪಕ್ಷದ ಹೆಸರು ಇರುತ್ತಿರಲಿಲ್ಲ. ಹೀಗಾಗಿ ಯಾರಿಗೆ ಯಾವ ಅಂಕಿ ಎಂದು ತಿಳಿಸುವ ಚೀಟಿಗಳನ್ನು ಮತಗಟ್ಟೆಯ ಬಾಗಿಲಲ್ಲಿ ನಿಂತು ಹಂಚುವ ಕಾರ್ಯಕರ್ತರಿಲ್ಲದೆ ಯಾವ ಅಭ್ಯರ್ಥಿಗೂ ದಾರಿಯಿರಲಿಲ್ಲ. ದೊಡ್ಡ ಪಕ್ಷಗಳಿಗೆ ಇದು ಸುಲಭ, ಪಕ್ಷೇತರನಿಗೆ ಬಹಳ ಕಷ್ಟ.

ಮಹಿಳೆಯರ ಸ್ಪರ್ಧೆಯ ಚರಿತ್ರೆ ಹಕ್ಕಿಗೂ ಅವಕಾಶಕ್ಕೂ ಇದ್ದ ಅಂತರವನ್ನು ತೋರಿಸುತ್ತದೆ. ದಕ್ಷಿಣ ಆಸ್ಟ್ರೇಲಿಯಾ 1894ರಲ್ಲಿಯೇ ಮಹಿಳೆಯರಿಗೆ ಮತದಾನದ ಜೊತೆಗೆ ಸ್ಪರ್ಧಿಸುವ ಹಕ್ಕನ್ನೂ ಕೊಟ್ಟಿತು. ಆದರೆ ಅಲ್ಲಿನ ಸದನಗಳಿಗೆ ಮಹಿಳೆಯರು ಮೊದಲು ಗೆದ್ದುಬಂದದ್ದು 1959ರಲ್ಲಿ: ಕೆಳಮನೆಗೆ ಜಾಯ್ಸ್ ಸ್ಟೀಲ್, ಮೇಲ್ಮನೆಗೆ ಜೆಸ್ಸಿ ಕೂಪರ್. ಆಸ್ಟ್ರೇಲಿಯಾದಲ್ಲಿ ಶಾಸಕಿಯಾದ ಮೊದಲ ಮಹಿಳೆ, 1921ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ವೆಸ್ಟ್ ಪರ್ತ್ ಕ್ಷೇತ್ರದಿಂದ ಗೆದ್ದ ಈಡಿತ್ ಕೋವನ್. ವಿಕ್ಟೋರಿಯಾದಲ್ಲಿ 1933ರಲ್ಲಿ ಮಿಲ್ಲಿ ಪೀಕಾಕ್, 1938ರಲ್ಲಿ ಫ್ಯಾನಿ ಬ್ರೌನ್‌ಬಿಲ್ ಗೆದ್ದದ್ದು ಗಂಡಂದಿರ ನಿಧನದಿಂದ ತೆರವಾದ ಸ್ಥಾನಗಳ ಉಪಚುನಾವಣೆಗಳಲ್ಲಿ. ಇವರಿಬ್ಬರ ನಡುವೆ 1937ರ ಸಾಮಾನ್ಯ ಚುನಾವಣೆಯಲ್ಲಿ ಪಕ್ಷೇತರಳಾಗಿ ನಿಂತು ನುನವಾಡಿಂಗ್ ಕ್ಷೇತ್ರವನ್ನು ಗೆದ್ದ ಐವಿ ವೆಬರ್ ಅವರ ಸಾಧನೆ ಹೆಚ್ಚಿನದು. 1948ರಲ್ಲಿ ಬ್ರೌನ್‌ಬಿಲ್ ತೀರಿಕೊಂಡ ಮೇಲೆ 1967ರವರೆಗೆ ವಿಕ್ಟೋರಿಯಾದ ಕೆಳಮನೆಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಗೆಲ್ಲಬಹುದಾದ ಕ್ಷೇತ್ರದ ಟಿಕೆಟ್ ಅವರಿಗೆ ಸಿಗದಿದ್ದುದೇ ಇದಕ್ಕೆ ಮುಖ್ಯ ಕಾರಣ.

ಕ್ಷೇತ್ರದ ಗಡಿಯ ಪ್ರಭಾವಕ್ಕೂ ದಕ್ಷಿಣ ಆಸ್ಟ್ರೇಲಿಯಾವೇ ಒಳ್ಳೆಯ ನಿದರ್ಶನ. 1936ರ ಕಾಯ್ದೆ ಅಲ್ಲಿ 39 ಏಕಸದಸ್ಯ ಕ್ಷೇತ್ರಗಳನ್ನು ಮಾಡಿ 26ನ್ನು ಗ್ರಾಮಾಂತರಕ್ಕೂ 13ನ್ನು ಅಡಿಲೇಡ್ ನಗರಕ್ಕೂ ಕೊಟ್ಟಿತು. 1938ರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸ್ಥಾನಗಳನ್ನು ಪಕ್ಷೇತರರು ಗೆದ್ದರು. ಆ ಉತ್ಸಾಹ ಬೇಗನೆ ಇಳಿಯಿತು. ಥಾಮಸ್ ಪ್ಲೇಫರ್ಡ್ 1938ರಿಂದ 1965ರವರೆಗೆ ಪ್ರೀಮಿಯರ್ (ರಾಜ್ಯ ಸರ್ಕಾರದ ಮುಖ್ಯಸ್ಥ) ಆಗಿದ್ದ ಕಾಲದಲ್ಲಿ, ಗೆಲ್ಲಲಾಗದ ಕಡೆ ಹುರಿಯಾಳುಗಳನ್ನೇ ನಿಲ್ಲಿಸದೆ ಎದುರಾಳಿಗೆ ಅವಿರೋಧವಾಗಿ ಬಿಟ್ಟುಕೊಡುವುದು ಪಕ್ಷಗಳಿಗೆ ರೂಢಿಯಾಯಿತು. ಅಂಥ ಕ್ಷೇತ್ರಗಳ ಜನರಿಗೆ ಮತ ಕಡ್ಡಾಯವಾಗಿತ್ತು, ಮತ ಹಾಕಲು ಚುನಾವಣೆಯೇ ಇರುತ್ತಿರಲಿಲ್ಲ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ದೊಡ್ಡ ಕೊರತೆ ಬೇರೆ ಬೇಕಿಲ್ಲ.

ಕ್ವೀನ್ಸ್‌ಲ್ಯಾಂಡಿನ ಫ್ರೆಡ್ ಪ್ಯಾಟರ್ಸನ್ ಕಥೆಯಲ್ಲಿ ಗಡಿಯ ಬಲ ಇನ್ನಷ್ಟು ನೇರವಾಗಿ ಕಾಣುತ್ತದೆ. 1944ರಲ್ಲಿ ಬೋವನ್ ಕ್ಷೇತ್ರದಿಂದ ಗೆದ್ದ ಇವರು ಕಮ್ಯುನಿಸ್ಟ್ ಪಕ್ಷದಿಂದ ಆಸ್ಟ್ರೇಲಿಯಾದ ಶಾಸನಸಭೆಯೊಂದಕ್ಕೆ ಆಯ್ಕೆಯಾದ ಏಕೈಕ ವ್ಯಕ್ತಿ. 1947ರಲ್ಲಿ ಮತ್ತೆ ಗೆದ್ದರು. 1948ರ ರೈಲ್ವೆ ಮುಷ್ಕರದ ಸಮಯದಲ್ಲಿ ಪೊಲೀಸ್ ಲಾಠಿಯೇಟಿನಿಂದ ತಲೆಗೆ ತೀವ್ರ ಪೆಟ್ಟಾಯಿತು. ಆಮೇಲೆ ನಡೆದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಅವರ ಕ್ಷೇತ್ರ ಒಡೆದುಹೋಗಿ, 1950ರಲ್ಲಿ ಸೋತರು.

ಟ್ಯಾಸ್ಮೇನಿಯದ ದಾರಿ ಬೇರೆ. 1909ರಿಂದ ಅಲ್ಲಿ ಬಹುಸದಸ್ಯ ಕ್ಷೇತ್ರಗಳ ಹೇರ್-ಕ್ಲಾರ್ಕ್ ಪದ್ಧತಿ ಇತ್ತು. ಐದು ಕ್ಷೇತ್ರ, ತಲಾ ಆರು ಸದಸ್ಯರು. ಒಂದೇ ಪಕ್ಷದವರು ಪರಸ್ಪರ ಪೈಪೋಟಿ ನಡೆಸಬೇಕಾದ್ದರಿಂದ ಅಭ್ಯರ್ಥಿಯ ಸ್ವಂತ ಹೆಸರಿಗೆ ಅಲ್ಲಿ ಉಳಿದ ಬೆಲೆ ಬೇರೆ ರಾಜ್ಯಗಳಲ್ಲಿ ಉಳಿಯಲಿಲ್ಲ.

ಪಕ್ಷದ ಹಿಡಿತ ಎಷ್ಟು ಬಿಗಿಯಾಗಿತ್ತು ಎಂಬುದನ್ನು 1950ರ ನ್ಯೂ ಸೌತ್ ವೇಲ್ಸ್ ಚುನಾವಣೆ ಹೇಳುತ್ತದೆ. ಆ ರಾಜ್ಯದ ಮೇಲ್ಮನೆಗೆ ಶಾಸಕರೇ ಮತ ಹಾಕಿ ಸದಸ್ಯರನ್ನು ಆರಿಸುತ್ತಿದ್ದರು. ಆ ಮತದಾನದಲ್ಲಿ ಪಕ್ಷದ ಸೂಚನೆ ಪಾಲಿಸಲಿಲ್ಲವೆಂದು ಲೇಬರ್ ಪಕ್ಷ ತನ್ನ ಕೆಲವು ಶಾಸಕರಿಗೆ ಟಿಕೆಟ್ ನಿರಾಕರಿಸಿತು. ಅವರಲ್ಲಿ ಜಾನ್ ಸೀಫರ್ಟ್ ಮತ್ತು ಜೇಮ್ಸ್ ಗೆರಾಟಿ ಪಕ್ಷೇತರರಾಗಿ ನಿಂತು ಗೆದ್ದರು. 94 ಸ್ಥಾನಗಳಲ್ಲಿ ಎರಡೂ ಕಡೆ 46ರಂತೆ ಸಮವಾಗಿ ಹಂಚಿಹೋದಾಗ, ಹೊರಹಾಕಿಸಿಕೊಂಡ ಇಬ್ಬರ ಬೆಂಬಲದ ಮೇಲೆಯೇ ಲೇಬರ್ ಸರ್ಕಾರ ಉಳಿಯಬೇಕಾಯಿತು.

ಇವೆಲ್ಲವೂ ಒಟ್ಟಿಗೆ ಬಂದದ್ದು ವಿಕ್ಟೋರಿಯಾದಲ್ಲಿ. ಗ್ರಾಮಾಂತರದ ಮತಕ್ಕೆ ಹೆಚ್ಚಿನ ತೂಕವಿದ್ದ ಆ ರಾಜ್ಯದಲ್ಲಿ, ಪ್ರತಿ ಫೆಡರಲ್ (ಕೇಂದ್ರ ಸಂಸತ್ತಿನ) ಕ್ಷೇತ್ರವನ್ನು ಎರಡಾಗಿ ಸೀಳಿ ರಾಜ್ಯ ಕ್ಷೇತ್ರ ಮಾಡಬೇಕೆಂದು ಮಾಜಿ ಪ್ರೀಮಿಯರ್ ಥಾಮಸ್ ಹಾಲ್‌ವೇ ಹಟ ಹಿಡಿದರು. ಲಿಬರಲ್ ಪಕ್ಷ ಅವರನ್ನು ಉಚ್ಚಾಟಿಸಿತು. 1952ರ ಡಿಸೆಂಬರ್ ಚುನಾವಣೆಯಲ್ಲಿ ಅವರು ತಮ್ಮ ಬ್ಯಾಲರಟ್ ಕ್ಷೇತ್ರ ಬಿಟ್ಟು, ಪಕ್ಷದ ನಾಯಕ ಲೆಸ್ ನಾರ್ಮನ್ ನಿಂತಿದ್ದ ಗ್ಲೆನ್ ಐರಿಸ್‌ಗೇ ಹೋಗಿ ನಾರ್ಮನ್‌ರನ್ನು ಸೋಲಿಸಿದರು. ನಾರ್ಮನ್ ನಂತರ ನಾಯಕರಾದ ಟ್ರೆವರ್ ಓಲ್ಡ್‌ಹ್ಯಾಮ್, ಬ್ರಿಟನ್ ರಾಣಿಯ ಪಟ್ಟಾಭಿಷೇಕಕ್ಕೆ ಹೊರಟಿದ್ದಾಗ 1953ರ ಮೇ 2ರಂದು ಕಲ್ಕತ್ತಾ ಬಳಿ ಕಾಮೆಟ್ ವಿಮಾನ ದುರಂತದಲ್ಲಿ ಮಡಿದರು. ನಾಯಕತ್ವ ರೈತ ಹೆನ್ರಿ ಬೋಲ್ಟ್ ಕೈಗೆ ಬಂತು. ಒಬ್ಬ ಬಂಡಾಯ ಅಭ್ಯರ್ಥಿಯ ಕ್ಷೇತ್ರ ಬದಲಾವಣೆ ರಾಜ್ಯದ ಮುಂದಿನ ಎರಡು ದಶಕಗಳ ದಿಕ್ಕನ್ನು ತಿರುಗಿಸಿತು ಎಂದರೆ ಉತ್ಪ್ರೇಕ್ಷೆಯಲ್ಲ.

1952ರಲ್ಲಿ 65ರಲ್ಲಿ 37 ಸ್ಥಾನ ಗೆದ್ದು ವಿಕ್ಟೋರಿಯಾದ ಮೊದಲ ಬಹುಮತದ ಲೇಬರ್ ಸರ್ಕಾರ ರಚಿಸಿದ ಜಾನ್ ಕೇನ್, ಕ್ಷೇತ್ರ ವಿಂಗಡಣೆಯ ಆ ಸುಧಾರಣೆಯನ್ನು ಜಾರಿಗೆ ತಂದರು. ಸ್ಥಾನಗಳು 66 ಆದವು. ಅದರ ಲಾಭ ಅವರಿಗೆ ದಕ್ಕಲಿಲ್ಲ. 1954ರ ಅಕ್ಟೋಬರ್‌ನಲ್ಲಿ ಫೆಡರಲ್ ನಾಯಕ ಎಚ್. ವಿ. ಎವಾಟ್, ಪಕ್ಷದೊಳಗಿನ ಕಮ್ಯುನಿಸ್ಟ್ ವಿರೋಧಿ ಗುಂಪಿನ ಮೇಲೆ ಬಹಿರಂಗ ದಾಳಿ ಮಾಡಿದರು. ಬಿ. ಎ. ಸಂತಮಾರಿಯಾ ಮುನ್ನಡೆಸುತ್ತಿದ್ದ ಕ್ಯಾಥೊಲಿಕ್ ಸಂಘಟನೆಯ ಬೆಂಬಲ ಆ ಗುಂಪಿಗಿತ್ತು. ಪಕ್ಷ ಒಡೆಯಿತು. 1955ರ ಏಪ್ರಿಲ್‌ನಲ್ಲಿ ಬೋಲ್ಟ್ ತಂದ ಅವಿಶ್ವಾಸ ಗೊತ್ತುವಳಿಯ ಪರವಾಗಿ ಲೇಬರ್‌ನಿಂದ ಹೊರಬಿದ್ದವರು ಮತ ಹಾಕಿದ್ದರಿಂದ ಸರ್ಕಾರ ಉರುಳಿತು.

ಮೇ 28ರ ಚುನಾವಣೆಯ ಅಭ್ಯರ್ಥಿ ಪಟ್ಟಿಯಲ್ಲಿ ಹೀಗೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಎರಡೆರಡು ಲೇಬರ್ ಹುರಿಯಾಳುಗಳು ಕಾಣಿಸಿಕೊಂಡರು. ನಿನ್ನೆಯವರೆಗೆ ಒಂದೇ ಸಂಘದಲ್ಲಿ, ಒಂದೇ ಚರ್ಚಿನಲ್ಲಿ ಕುಳಿತಿದ್ದವರು ಕಾರ್ಲ್‌ಟನ್, ರಿಚ್ಮಂಡ್‌ಗಳಂಥ ಕಾರ್ಮಿಕ ಬಡಾವಣೆಗಳಲ್ಲಿ ಎದುರುಬದುರಾದರು. ಕಮ್ಯುನಿಸ್ಟ್ ವಿರೋಧಿ ಲೇಬರ್ ಅಭ್ಯರ್ಥಿಗಳು ಎರಡನೆಯ ಪ್ರಾಶಸ್ತ್ಯವನ್ನು ಲಿಬರಲ್‌ಗೆ ಕೊಡಿ ಎಂದು ಕೇಳಿದರು. ಒಂದೇ ಕಡೆಯ ಮತವನ್ನು ಒಟ್ಟುಗೂಡಿಸಬೇಕಾಗಿದ್ದ ಪ್ರಾಶಸ್ತ್ಯ ಪದ್ಧತಿ ಇಲ್ಲಿ ಅದನ್ನು ಎದುರಾಳಿಗೆ ಸಾಗಿಸುವ ಸಾಧನವಾಯಿತು. ಲಿಬರಲ್ 34, ಲೇಬರ್ 20, ಗ್ರಾಮಾಂತರದವರ ಕಂಟ್ರಿ ಪಕ್ಷ 11 ಸ್ಥಾನ ಪಡೆದವು. ಸುಮಾರು ಎಂಟರಲ್ಲಿ ಒಂದು ಪಾಲು ಮತ ಪಡೆದ ಹೊಸ ಬಣದಿಂದ ಗೆದ್ದದ್ದು ರಿಚ್ಮಂಡ್‌ನ ಫ್ರಾಂಕ್ ಸ್ಕಲ್ಲಿ ಒಬ್ಬರೇ. ಬಣದ ನಾಯಕ ಬಿಲ್ ಬ್ಯಾರಿ ಕಾರ್ಲ್‌ಟನ್ ಕಳೆದುಕೊಂಡರು. ಹಾಲ್‌ವೇ ಕೂಡ ಸೋತರು, ಅದೂ ತಾವೇ ಹೋರಾಡಿ ಬಯಸಿದ್ದ ಗಡಿಗಳೊಳಗೆ. ಬೋಲ್ಟ್ 1972ರವರೆಗೆ ಪ್ರೀಮಿಯರ್ ಆಗಿದ್ದರು.

ಎರಡು ವರ್ಷಗಳ ನಂತರ ಕ್ವೀನ್ಸ್‌ಲ್ಯಾಂಡಿನಲ್ಲಿ ಇದೇ ಒಡಕು ಇನ್ನೊಂದು ಪದ್ಧತಿಯಡಿ ನಡೆಯಿತು. ಕಾರ್ಮಿಕರಿಗೆ ಮೂರು ವಾರಗಳ ಸಂಬಳಸಹಿತ ರಜೆಯ ವಿವಾದದಲ್ಲಿ ಪ್ರೀಮಿಯರ್ ವಿನ್ಸ್ ಗೇರ್ ಅವರನ್ನು ಅವರ ಪಕ್ಷವೇ 1957ರ ಏಪ್ರಿಲ್‌ನಲ್ಲಿ ಉಚ್ಚಾಟಿಸಿತು. ಅವರು ಕ್ವೀನ್ಸ್‌ಲ್ಯಾಂಡ್ ಲೇಬರ್ ಪಕ್ಷ ಕಟ್ಟಿದರು. 1942ರಲ್ಲಿಯೇ ಪ್ರಾಶಸ್ತ್ಯ ಮತವನ್ನು ತೆಗೆದುಹಾಕಿದ್ದ ಆ ರಾಜ್ಯದಲ್ಲಿ ಹೆಚ್ಚು ಮತ ಪಡೆದವನೇ ಗೆಲ್ಲುತ್ತಿದ್ದ. ಇಬ್ಬರು ಲೇಬರ್ ಹುರಿಯಾಳುಗಳ ನಡುವೆ ಹಂಚಿಹೋದ ಮತ ಮತ್ತೆ ಕೂಡಲಿಲ್ಲ. ಆಗಸ್ಟ್ 3ರಂದು ಲೇಬರ್ 20, ಗೇರ್ ಬಣ 11 ಸ್ಥಾನಗಳಿಗೆ ಇಳಿದು, ಫ್ರಾಂಕ್ ನಿಕ್ಲಿನ್ ಅವರ ಕಂಟ್ರಿ-ಲಿಬರಲ್ ಮೈತ್ರಿಕೂಟ ಅಧಿಕಾರಕ್ಕೆ ಬಂತು. 1962ರಲ್ಲಿ ಅದೇ ಸರ್ಕಾರ ಪ್ರಾಶಸ್ತ್ಯ ಮತವನ್ನು ಮರಳಿ ತಂದಿತು.

ವಿಕ್ಟೋರಿಯಾದಲ್ಲಿ ಸ್ಕಲ್ಲಿ 1958ರಲ್ಲಿ ಸೋತರು. ಆ ಹೊತ್ತಿಗೆ ಅವರ ಬಣ ಡೆಮಾಕ್ರಟಿಕ್ ಲೇಬರ್ ಪಕ್ಷವಾಗಿತ್ತು. 1960ರ ದಶಕದುದ್ದಕ್ಕೂ ಅದು ರಾಜ್ಯದ ಕೆಳಮನೆಯಲ್ಲಿ ಒಂದು ಸ್ಥಾನವನ್ನೂ ಗೆಲ್ಲದೆ ಚುನಾವಣೆಯಿಂದ ಚುನಾವಣೆಗೆ ಅಭ್ಯರ್ಥಿಗಳನ್ನು ನಿಲ್ಲಿಸುತ್ತಲೇ ಹೋಯಿತು. ಆ ಅಭ್ಯರ್ಥಿಗಳು ನಿಂತದ್ದು ತಮ್ಮ ಗೆಲುವಿಗಲ್ಲ. ತಮ್ಮ ಮತದಾರರ ಎರಡನೆಯ ಪ್ರಾಶಸ್ತ್ಯ ಲೇಬರ್‌ಗೆ ಸಿಗದಂತೆ ನೋಡಿಕೊಳ್ಳಲು.