ಮೇಜಿನ ಸುತ್ತ ಮಾರ

ಜಪಾನಿನಲ್ಲಿ ಇನ್ನೊಬ್ಬರ ಮನೆಗೆ ಹೋದವರು ಹೊಸ್ತಿಲು ದಾಟುವಾಗ ‘ಒಜಾಮ ಶಿಮಾಸು’ ಅನ್ನುತ್ತಾರೆ. ನಿಮ್ಮ ಕೆಲಸಕ್ಕೆ ಅಡ್ಡ ಬರುತ್ತಿದ್ದೇನೆ, ಮನ್ನಿಸಿ ಎಂಬ ವಿನಯದ ಮಾತು ಅದು. ‘ಜಾಮ’ ಅಂದರೆ ಅಡ್ಡಿ. ಆ ಪದದ ಕೊನೆಗಿರುವ ‘ಮ’ ನಮ್ಮ ಮಾರ. ಬೋಧಿವೃಕ್ಷದ ಕೆಳಗೆ ಸಿದ್ಧಾರ್ಥನ ತಪಸ್ಸಿಗೆ ಅಡ್ಡ ಬಂದವನು. ಓದುತ್ತ ಕೂತಾಗ ಕಣ್ಣು ಎಳೆದರೆ ಅದು ‘ಸುಇಮ’, ನಿದ್ದೆಯ ಮಾರ. ಮಂತ್ರವಿದ್ಯೆ ‘ಮಹೋ’, ಮಾಟಗಾತಿ ‘ಮಜೊ’. ಹಯಾವೊ ಮಿಯಾಜಾಕಿ 1989ರಲ್ಲಿ ತೆಗೆದ, ಪೊರಕೆಯೇರಿ ಮನೆಮನೆಗೆ ಪೊಟ್ಟಣ ಮುಟ್ಟಿಸುವ ಕಿಕಿ ಎಂಬ ಹುಡುಗಿಯ ಚಿತ್ರದ ಜಪಾನಿ ಹೆಸರಿನಲ್ಲೂ ಇದೇ ಮಜೊ ಇದೆ. ಇನ್ನು ‘ಅಕುಮ’, ಅಂದರೆ ಕೆಟ್ಟ ಮಾರ. ಅನಿಮೆಗಳಲ್ಲಿ, ಅಂದರೆ ಜಪಾನಿನ ಅನಿಮೇಶನ್‌ಗಳಲ್ಲಿ, ಇಂಗ್ಲಿಷ್ ಅಡಿಬರಹ ಡೆವಿಲ್ ಎಂದೋ ಡೀಮನ್ ಎಂದೋ ತೋರಿಸುವಾಗ ಪಾತ್ರಗಳ ಬಾಯಲ್ಲಿ ಬಹಳ ಸಲ ಇರುವುದು ಈ ಪದ.

ಬೌದ್ಧ ಗ್ರಂಥಗಳು ಚೀನಾಕ್ಕೆ ಹೋದಾಗ ಅಲ್ಲಿನ ಅನುವಾದಕರಿಗೆ ಮಾರನನ್ನು ಬರೆಯಲು ಅಕ್ಷರವೇ ಇರಲಿಲ್ಲ. ಉಚ್ಚಾರಕ್ಕೆ ಹತ್ತಿರವಾದ ಒಂದು ಚಿಹ್ನೆಯನ್ನು ತೆಗೆದುಕೊಂಡು, ಅದರ ಕೆಳಗೆ ಪ್ರೇತ ಎಂಬರ್ಥದ ಚಿಹ್ನೆಯನ್ನು ಕೂಡಿಸಿ ಹೊಸ ಅಕ್ಷರ ಕಟ್ಟಿದರು. ಮೊದಲು ಆ ಜಾಗದಲ್ಲಿ ಕಲ್ಲಿನ ಚಿಹ್ನೆ ಇತ್ತು, ಆರನೆಯ ಶತಮಾನದ ಲಿಯಾಂಗ್ ವಂಶದ ದೊರೆ ವೂ ಕಲ್ಲನ್ನು ತೆಗೆಸಿ ಪ್ರೇತವನ್ನು ಕೂರಿಸಿದ ಎಂಬ ಕಥೆಯೂ ಪರಂಪರೆಯಲ್ಲಿದೆ. ಒಬ್ಬನೇ ಒಬ್ಬನ ಹೆಸರಿಗಾಗಿ ಹುಟ್ಟಿದ ಅಕ್ಷರ ಕಡಲು ದಾಟಿ ಜಪಾನಿಗೆ ಹೋಗಿ ನೂರಾರು ಪದಗಳ ಬೇರಾಯಿತು.

ಇತ್ತ ಕನ್ನಡದಲ್ಲಿ ಮಾರ ಅಂದರೆ ಯಾರೂ ಬೆಚ್ಚುವುದಿಲ್ಲ. ನಮಗೆ ಅವನು ಮನ್ಮಥ. ಕಬ್ಬಿನ ಬಿಲ್ಲು, ಹೂವಿನ ಬಾಣ, ಗಿಳಿಯ ತೇರು. ಕಾವ್ಯಗಳಲ್ಲಿ ವಿರಹಿಗಳನ್ನು ಕಾಡುವ ಚೆಲುವ. ಶಿವನಿಗೆ ಮಾರಾರಿ, ಮಾರಹರ ಎಂಬ ಹೆಸರುಗಳು ಬಂದದ್ದು ಅವನನ್ನು ಸುಟ್ಟದ್ದಕ್ಕೆ. ಅಮರಕೋಶ ಬುದ್ಧನ ಹೆಸರುಗಳ ನಡುವೆ ಮಾರಜಿತ್ ಎಂದೂ ಹೇಳುತ್ತದೆ, ಕಾಮನ ಹೆಸರುಗಳ ನಡುವೆ ಮಾರ ಎಂದೂ ಹೇಳುತ್ತದೆ. ಪದದ ಮೂಲ ಮಾತ್ರ ಕೊಲ್ಲುವವನು. ಸಾವಿನ ಧಾತುವಿನಿಂದ ಹುಟ್ಟಿದ ಹೆಸರು ಆಸೆಯ ದೇವತೆಗೆ ಬಂದದ್ದರಲ್ಲಿ ಹಳೆಯ ಬೌದ್ಧ ಕವಿಗಳ ಮಟ್ಟಿಗೆ ತೊಡಕೇನೂ ಇರಲಿಲ್ಲ. ‘ಬುದ್ಧಚರಿತ’ದಲ್ಲಿ ಅಶ್ವಘೋಷ ಇದನ್ನು ಬಿಡಿಸಿಯೇ ಹೇಳಿದ್ದಾನೆ: ಲೋಕ ಯಾರನ್ನು ಕಾಮದೇವ ಎನ್ನುತ್ತದೋ, ಮೋಕ್ಷದ ಹಗೆಯಾದ ಮಾರ ಅವನೇ. ಅದೇ ಪದ ನಮ್ಮಲ್ಲಿ ಉಳಿಯುತ್ತ ಭಯ ಕಳೆದುಕೊಂಡಿತು. ಪೂರ್ವಕ್ಕೆ ಹೋಗುತ್ತ ಹೂಬಾಣ ಕಳೆದುಕೊಂಡಿತು.

ಪೂರ್ವಕ್ಕೆ ಹೋದ ಮಾರ ಒಂದನ್ನು ಮಾತ್ರ ಜೋಪಾನವಾಗಿ ಒಯ್ದ. ತನ್ನ ವಿಳಾಸವನ್ನು. ಬೌದ್ಧ ಲೋಕಚಿತ್ರದಲ್ಲಿ ಮಾರ ನರಕದವನಲ್ಲ, ದೇವಲೋಕದವನು. ಕಾಮಲೋಕಕ್ಕೆ ಸೇರಿದ ಆರು ಸ್ವರ್ಗಗಳಲ್ಲಿ ತುತ್ತತುದಿಯದು ಅವನ ನೆಲೆ. ಜಪಾನಿಗರು ಅವನನ್ನು ‘ದೈರೊಕುತೆನ್ ಮ-ಓ’, ಆರನೆಯ ಸ್ವರ್ಗದ ಮಾರರಾಜ ಎಂದು ಕರೆದರು. ಹದಿನಾರನೆಯ ಶತಮಾನದ ಸೇನಾನಿ ಓದಾ ನೊಬುನಾಗ, ತಕೇದಾ ಶಿಂಗೆನ್‌ಗೆ ಬರೆದ ಓಲೆಯಲ್ಲಿ ಈ ಬಿರುದನ್ನೇ ಸಹಿಯಾಗಿ ಹಾಕಿದ ಎಂದು ಆ ಕಾಲದಲ್ಲಿ ಅಲ್ಲಿದ್ದ ಪೋರ್ಚುಗೀಸ್ ಪಾದ್ರಿ ಲೂಯಿಸ್ ಫ್ರೋಯಿಶ್ ದಾಖಲಿಸಿದ್ದಾನೆ. ಇಂದಿನ ಅನಿಮೆಗಳಲ್ಲಿ ನೊಬುನಾಗ ಮತ್ತೆಮತ್ತೆ ದಾನವರಾಜನಾಗಿ ಬರುವುದಕ್ಕೆ ಆ ಸಹಿಯ ಋಣವಿದೆ.

ದೇವದೂತನ ಕಡೆಯೂ ಹೀಗೆಯೇ. ಜಪಾನಿಯಲ್ಲಿ ಏಂಜೆಲ್‌ಗೆ ‘ತೆನ್ಶಿ’. ತೆನ್ ಅಂದರೆ ದೇವ, ಶಿ ಅಂದರೆ ದೂತ. ಕನ್ನಡ ಬೈಬಲ್ಲಿನ ದೇವದೂತ ಹೇಗೆ ಕೂಡಿದೆಯೋ ಹಾಗೆಯೇ. ಬೌದ್ಧರ ದೇವದೂತ ಸೂತ್ರ ಚೀನೀ ಭಾಷೆಗೆ ಹೋದಾಗ ಅದರ ಹೆಸರಿನಲ್ಲಿ ಬಳಕೆಯಾದದ್ದು ಇದೇ ಎರಡು ಅಕ್ಷರ. ಆ ಸೂತ್ರದ ದೂತರಿಗೆ ರೆಕ್ಕೆಯಿಲ್ಲ. ಸತ್ತು ಬಂದವನನ್ನು ಯಮ ಕೇಳುತ್ತಾನೆ: ದೇವದೂತರನ್ನು ನೀನು ನೋಡಲಿಲ್ಲವೇ? ಮುದಿತನ, ಕಾಯಿಲೆ, ಹೆಣ, ಇವೇ ಆ ದೂತರು. ಕ್ರೈಸ್ತರ ಬಿಳಿರೆಕ್ಕೆಯ ದೂತ ಜಪಾನಿಗೆ ಬರುವ ಮೊದಲೇ ಅವನ ಹೆಸರು ಅಲ್ಲಿ ಇಂಥ ನೆರಳು ಹೊತ್ತು ಕೂತಿತ್ತು.

ಇದನ್ನೆಲ್ಲ ನಾನು ಹೇಳುತ್ತಿರುವುದು ಒಂದು ಕಾರಣಕ್ಕೆ. ದೇವದೂತರು ಮತ್ತು ದಾನವರ ಅನಿಮೆಗಳನ್ನು ನೋಡಿ, ಅವುಗಳಿಂದ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ಕಟ್ಟಲು ಹೊರಡುವವರು ಸಾಮಾನ್ಯವಾಗಿ ರೆಕ್ಕೆ, ಕೊಂಬು, ಖಡ್ಗಗಳ ಪಟ್ಟಿ ಮಾಡುತ್ತಾರೆ. ಬಿಳಿಯ ಪಾಳೆಯ ಒಂದು, ಕರಿಯ ಪಾಳೆಯ ಒಂದು. ಆದರೆ ಆ ಕಥೆಗಳ ಕಸುವು ಪಾಳೆಯಗಳಲ್ಲಿಲ್ಲ. ಸ್ವರ್ಗದಲ್ಲಿ ಮನೆಯಿರುವ, ಎದುರಿಗೆ ಬಂದು ಕೂತು ಪ್ರಶ್ನೆ ಕೇಳುವ, ಆಮಿಷ ಒಡ್ಡುವ ಮಾರ ಆ ಭಾಷೆಯೊಳಗೇ ಇದ್ದಾನೆ. ಕಥೆಗಾರರು ಅದನ್ನು ನೆನೆದು ಬರೆಯಬೇಕಿಲ್ಲ. ಪದವೇ ಅವರನ್ನು ಅತ್ತ ಒಯ್ಯುತ್ತದೆ.

ಗೋ ನಾಗಾಯಿ 1972ರಲ್ಲಿ ಬರೆಯತೊಡಗಿದ ‘ಡೆವಿಲ್‌ಮ್ಯಾನ್’ ನೋಡಿ. ಫುದೊ ಅಕಿರಾ ಎಂಬ ಮೆದು ಸ್ವಭಾವದ ಹುಡುಗ ಅಮೋನ್ ಎಂಬ ದಾನವನನ್ನು ಮೈಯೊಳಗೆ ಬರಮಾಡಿಕೊಂಡು ಮನುಷ್ಯರ ಪರವಾಗಿ ಹೋರಾಡುತ್ತಾನೆ. ಅವನ ಹೆಸರನ್ನು ಬರೆಯುವ ಅಕ್ಷರಗಳಿಗೆ ‘ರಾಜ’ ಎಂಬ ಇನ್ನೊಂದು ಅಕ್ಷರ ಸೇರಿಸಿದರೆ ಅದು ಫುದೊ ಮ್ಯೋ-ಓ, ಅಂದರೆ ಬೆಂಕಿಯ ನಡುವೆ ಕತ್ತಿ ಹಿಡಿದು ಕೂತ ಬೌದ್ಧರ ಅಚಲ. ಅವನನ್ನು ಈ ದಾರಿಗೆ ತಂದ ಗೆಳೆಯ ರ್‍ಯೊ ಕೊನೆಗೆ ಸೈತಾನ ಎಂದು ತಿಳಿಯುತ್ತದೆ. ಆ ಸೈತಾನನಿಗೆ ಇರುವುದು ದೇವದೂತನ ರೆಕ್ಕೆಗಳು. 2018ರಲ್ಲಿ ಮಸಾಆಕಿ ಯುಆಸಾ ಇದನ್ನು ‘ಡೆವಿಲ್‌ಮ್ಯಾನ್ ಕ್ರೈಬೇಬಿ’ ಎಂದು ಮತ್ತೆ ತೆಗೆದಾಗಲೂ ಎದೆ ಹಿಂಡಿದ್ದು ಯುದ್ಧವಲ್ಲ, ಆ ಇಬ್ಬರು ಗೆಳೆಯರ ನಡುವಿನ ಮಾತು. 1995ರ ‘ಇವ್ಯಾಂಜಲಿಯನ್’ನಲ್ಲಿ ನಗರದ ಮೇಲೆ ಎರಗುವ ದೈತ್ಯಾಕಾರಗಳಿಗೆ ಜಪಾನಿಯಲ್ಲಿ ‘ಶಿತೊ’, ಅಪೊಸ್ತಲ ಎಂಬ ಹೆಸರು. ಇಂಗ್ಲಿಷ್ ಶೀರ್ಷಿಕೆಯಲ್ಲಿ ಅದೇ ಏಂಜೆಲ್. ಹದಿನೆಂಟನೆಯ ಶಿತೊ ಮನುಷ್ಯಕುಲವೇ ಎಂದು ಕಥೆ ಕೊನೆಯಲ್ಲಿ ಹೇಳುತ್ತದೆ.

ಅಡಿಬರಹದ ಇಂಗ್ಲಿಷ್ ಈ ಜಾಗದಲ್ಲಿ ಬಹಳ ಸಪಾಟು. ‘ಡೀಮನ್ ಸ್ಲೇಯರ್’ನ ಡೀಮನ್ ಅಲ್ಲಿ ‘ಓನಿ’, ಹಳೆಯ ಜಪಾನಿ ರಕ್ಕಸ. ‘ಫ್ರೀರೆನ್’ನ ಡೀಮನ್ ‘ಮಜೊಕು’, ಮಾರನ ಕುಲ. ‘ಚೈನ್‌ಸಾ ಮ್ಯಾನ್’ನ ಡೆವಿಲ್ ಅಕುಮ. ಮೂವರೂ ಬೇರೆ ಬೇರೆ ಜಾತಿ, ಬೇರೆ ಬೇರೆ ಹಸಿವು. ಕನ್ನಡಕ್ಕೆ ಈ ಸೂಕ್ಷ್ಮ ಹೊಸದಲ್ಲ. ನಮ್ಮ ದೆವ್ವ ಎಂಬ ಪದವೇ ದೈವದ ತದ್ಭವ. ರಕ್ಕಸ, ಪಿಶಾಚಿ, ಭೂತ, ಪೀಡೆ ಎಂದು ನಾವೂ ಬಿಡಿಸಿ ಕರೆಯುತ್ತೇವೆ.

ಆಟಗಳ ಕಡೆಗೆ ಬಂದರೆ ಪದಗಳ ಜಗಳ ಇನ್ನೂ ಜೋರು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೆ ಡೀಮನ್‌ಗಳು ಬಂದದ್ದು 1976ರ ಪುರವಣಿಯೊಂದರಲ್ಲಿ. ಅಮೆರಿಕದಲ್ಲಿ ಈ ಆಟ ಮಕ್ಕಳನ್ನು ಸೈತಾನಪೂಜೆಗೆ ಎಳೆಯುತ್ತದೆ ಎಂಬ ಗದ್ದಲ ಎದ್ದಿತು. 1989ರ ಎರಡನೆಯ ಆವೃತ್ತಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ಕೈಬಿಟ್ಟಿತು, ಮುಂದೆ ಅವಕ್ಕೆ ತನಾರಿ, ಬಾಟೇಜು ಎಂಬ ಹುಟ್ಟಿಸಿದ ಹೆಸರುಗಳು ಬಂದವು. 2000ದಲ್ಲಿ ಮೂರನೆಯ ಆವೃತ್ತಿಯೊಂದಿಗೆ ಹಳೆಯ ಪದಗಳು ಮರಳಿದವು. ಅಚ್ಚರಿಯೆಂದರೆ ಅದೇ ಆಟ ತನ್ನ ದೇವದೂತರಿಗೆ 1980ರ ದಶಕದಲ್ಲಿ ಇಟ್ಟ ಹೆಸರು ‘ದೇವ’. ಸಂಸ್ಕೃತದ್ದೇ. ಆ ಪದದ ಮೇಲೆ ಯಾರ ಕಣ್ಣೂ ಬೀಳಲಿಲ್ಲ.

ಈ ಆಟ ಆಡದವರಿಗೆ ಹೇಳಬೇಕೆಂದರೆ, ಇದು ತಾಳಮದ್ದಳೆಗೆ ಹತ್ತಿರ. ವೇಷವಿಲ್ಲ, ರಂಗವಿಲ್ಲ. ನಾಲ್ಕೈದು ಜನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಅಲ್ಲಿಯೇ ಹುಟ್ಟಿದ ಮಾತಿನಲ್ಲಿ ಕಥೆ ನಡೆಸುತ್ತಾರೆ. ನಡೆಸಿಕೊಡುವ ಒಬ್ಬ ಗೇಮ್ ಮಾಸ್ಟರ್ ಇರುತ್ತಾನೆ. ಗೆದ್ದೆಯೋ ಸೋತೆಯೋ ಎಂದು ಕೇಳಬೇಕಾದಾಗ ದಾಳ ಬೀಳುತ್ತದೆ. ಪ್ರಸಂಗದ ಕೊನೆ ಮೊದಲೇ ಗೊತ್ತಿರುವುದಿಲ್ಲ, ಅದೊಂದೇ ದೊಡ್ಡ ವ್ಯತ್ಯಾಸ. ಜಪಾನಿನವರು ಇದನ್ನು ‘ಟೇಬಲ್‌ಟಾಕ್’ ಎಂದೇ ಕರೆಯುತ್ತಾರೆ. ಅಲ್ಲಿ ಆಟ ಹರಡಿದ ಬಗೆಯೂ ಮಾತಿನದೇ. 1986ರಲ್ಲಿ ‘ಕಾಂಪ್ಟೀಕ್’ ಪತ್ರಿಕೆ ಗ್ರೂಪ್ ಎಸ್‌ಎನ್‌ಇ ತಂಡ ಆಡಿದ ಆಟವನ್ನು ಸಂಭಾಷಣೆಯ ರೂಪದಲ್ಲಿ ಅಚ್ಚು ಹಾಕತೊಡಗಿತು. ಅದನ್ನೇ ರ್‍ಯೊ ಮಿಜುನೊ ಕಾದಂಬರಿಯಾಗಿಸಿದರು, 1990ರಲ್ಲಿ ಅದು ‘ರೆಕಾರ್ಡ್ ಆಫ್ ಲೋಡಾಸ್ ವಾರ್’ ಎಂಬ ಅನಿಮೆ ಆಯಿತು. ಮೇಜಿನಿಂದ ಅನಿಮೆಗೆ ದಾರಿ ಹೀಗೆ ಬಿದ್ದಿರುವಾಗ ಅನಿಮೆಯಿಂದ ಮೇಜಿಗೆ ಮರಳುವುದು ಸಹಜವೇ.

ಹಾಗಾದರೆ ಮಾತೇ ಬಂಡವಾಳವಾದ ಆಟಕ್ಕೆ ಎಂಥ ದಾನವ ಬೇಕು? ಅಜಂತಾದ 26ನೆಯ ಗುಹೆಯ ಗೋಡೆಯ ಮೇಲೆ ಮಾರನ ಆಕ್ರಮಣ ದೊಡ್ಡದಾಗಿ ಕೆತ್ತಿದೆ. ಆನೆಯಿದೆ, ಆಯುಧ ಹಿಡಿದ ಸೈನ್ಯವಿದೆ, ಕುಣಿಯುವ ಮಗಳಂದಿರಿದ್ದಾರೆ. ನೋಡಲು ಭರ್ಜರಿ. ಆದರೆ ಪಾಲಿಯ ಸಂಯುತ್ತ ನಿಕಾಯದಲ್ಲಿ ಮಾರನ ಭೇಟಿಗಳದೇ ಒಂದು ಭಾಗವಿದೆ, ಅಲ್ಲಿನ ಮಾರ ನನಗೆ ಹೆಚ್ಚು ಹಿಡಿಸುತ್ತಾನೆ. ಒಮ್ಮೆ ರೈತನ ವೇಷದಲ್ಲಿ, ಒಮ್ಮೆ ಮುದಿ ಬ್ರಾಹ್ಮಣನಾಗಿ, ಕೆಲವು ಸಲ ಬರೀ ಸದ್ದಾಗಿ ಬರುತ್ತಾನೆ. ಬಂದು ಸಲಹೆ ಕೊಡುತ್ತಾನೆ: ಇಷ್ಟು ಕಷ್ಟವೇಕೆ, ರಾಜ್ಯ ಆಳಬಾರದೇ? ಇದು ಮಾರ ಎಂದು ಬುದ್ಧ ಗುರುತಿಸುತ್ತಾನೆ. ಗುರುತಿಸಿದ ಕ್ಷಣವೇ ಮಾರ ಮುಖ ಬಾಡಿಸಿಕೊಂಡು ಮಾಯವಾಗುತ್ತಾನೆ. ಒಂದು ಏಟೂ ಬೀಳುವುದಿಲ್ಲ. ದಾನವನನ್ನು ಸೋಲಿಸುವ ಏಕೈಕ ಉಪಾಯ ಗುರುತು ಹಿಡಿಯುವುದು ಎಂಬ ನಿಯಮವನ್ನು ಒಂದು ಆಟದಲ್ಲಿಟ್ಟು ನೋಡಿ. ಗೇಮ್ ಮಾಸ್ಟರ್ ಆಡುವ ಪ್ರತಿ ಪಾತ್ರದ ಪ್ರತಿ ಸಲಹೆಯನ್ನೂ ಆಟಗಾರರು ತೂಗಿ ನೋಡಬೇಕಾಗುತ್ತದೆ. ಸಹಾಯಕ್ಕೆ ಬಂದ ವೈದ್ಯ, ದಾರಿ ತೋರಿಸಿದ ಅಜ್ಜಿ, ಯಾರೂ ಆಗಬಹುದು. ತಪ್ಪಾಗಿ ಗುರುತಿಸಿದರೆ ನಿಜವಾದ ಗೆಳೆಯನೊಬ್ಬ ದೂರವಾಗುತ್ತಾನೆ.

ಆಮಿಷವನ್ನು ನಿಯಮವಾಗಿಸಿದ ಆಟಗಳು ಆಗಲೇ ಇವೆ. ರಾನ್ ಎಡ್ವರ್ಡ್ಸ್ ಅವರ ‘ಸಾರ್ಸರರ್’ನಲ್ಲಿ ನೀವು ಕಟ್ಟಿಹಾಕಿದ ದಾನವನಿಗೂ ಒಂದು ಆಸೆ, ಒಂದು ಅಗತ್ಯ ಇರುತ್ತದೆ, ಅದನ್ನು ಪೂರೈಸುತ್ತ ಹೋದಂತೆ ನಿಮ್ಮ ಮನುಷ್ಯತ್ವ ಪಣಕ್ಕೆ ಬೀಳುತ್ತದೆ. ಜಾನ್ ಹಾರ್ಪರ್ ಅವರ ‘ಬ್ಲೇಡ್ಸ್ ಇನ್ ದ ಡಾರ್ಕ್’ನಲ್ಲಿ ‘ಡೆವಿಲ್ಸ್ ಬಾರ್ಗೇನ್’ ಎಂಬುದಿದೆ: ಒಂದು ದಾಳ ಹೆಚ್ಚು ಬೇಕೇ, ಈ ತೊಂದರೆ ತೆಗೆದುಕೋ. ಈ ಮಾತನ್ನು ಮೇಜಿನ ಸುತ್ತ ಕೂತ ಯಾರು ಬೇಕಾದರೂ ಆಡಬಹುದು. ಅಂದರೆ ಮಾರನ ಪಾತ್ರ ಸುತ್ತ ಕೂತವರ ನಡುವೆ ಕೈಯಿಂದ ಕೈಗೆ ಹೋಗುತ್ತದೆ, ಇದು ನನಗೆ ತುಂಬ ಇಷ್ಟವಾದ ನಿಯಮ. ಜಪಾನಿನ ‘ಡಬಲ್ ಕ್ರಾಸ್’ನಲ್ಲಿ ದಾನವರಿಲ್ಲ, ಮೈಹೊಕ್ಕ ವೈರಸ್ ಇದೆ. ಶಕ್ತಿ ಬಳಸಿದಷ್ಟೂ ಸೋಂಕಿನ ಅಂಕ ಏರುತ್ತದೆ. ಅದನ್ನು ಕೆಳಗೆ ಎಳೆಯುವುದು ಇತರರೊಂದಿಗಿನ ನಿಮ್ಮ ನಂಟುಗಳು. ಕೊನೆಗೂ ನೂರರ ಕೆಳಗೆ ಇಳಿಯದಿದ್ದರೆ ಪಾತ್ರ ನಿಮ್ಮ ಕೈತಪ್ಪಿತು. ‘ಡೆವಿಲ್‌ಮ್ಯಾನ್’ ನೋಡಿದವರಿಗೆ ಇದರ ರಕ್ತಸಂಬಂಧ ಹೇಳಿಕೊಡಬೇಕಿಲ್ಲ.

ಹೊಸ ಕಾಲದ ಅನಿಮೆಗಳಲ್ಲಿ ಆಟಕ್ಕೆ ಹೇಳಿಮಾಡಿಸಿದಂತಿರುವುದು ತತ್ಸುಕಿ ಫುಜಿಮೊತೊ ಅವರ ‘ಚೈನ್‌ಸಾ ಮ್ಯಾನ್’. ಅಲ್ಲಿ ಅಕುಮಗಳು ಹುಟ್ಟುವುದೇ ಹೆಸರಿನಿಂದ. ಒಂದು ಹೆಸರಿಗೆ ಜನ ಎಷ್ಟು ಹೆದರುತ್ತಾರೋ ಆ ಅಕುಮನಿಗೆ ಅಷ್ಟು ಬಲ. ಅವುಗಳನ್ನು ಬೇಟೆಯಾಡುವವರು ಅವುಗಳೊಂದಿಗೇ ಕರಾರು ಮಾಡಿಕೊಳ್ಳುತ್ತಾರೆ. ಹಿಮೆನೊ ಎಂಬಾಕೆ ಬಲಗಣ್ಣು ಕೊಟ್ಟಿದ್ದಾಳೆ, ಅಕಿ ತನ್ನ ಆಯಸ್ಸು ಕೊಡುತ್ತಾನೆ. ಅಲ್ಲೊಬ್ಬನ ಹೆಸರು ‘ತೆನ್ಶಿ ನೊ ಅಕುಮ’, ದೇವದೂತನೆಂಬ ಮಾರ. ಬಿಳಿರೆಕ್ಕೆ, ತಲೆಯ ಮೇಲೆ ಪ್ರಭಾವಳಿ, ಮುಟ್ಟಿದವರ ಆಯಸ್ಸು ಹೀರುವ ಕೈ. ದೇವದೂತನಿಗೂ ಜನ ಹೆದರುತ್ತಾರೆ, ಹಾಗಾಗಿ ಅವನೂ ಅಕುಮ. ದೇವದೂತರ ಆ ಹಳೆಯ ಸೂತ್ರ ಓದಿದವರಿಗೆ ಇದು ವಿಚಿತ್ರವೆನಿಸದು.

ದಾನವರೇ ಇಲ್ಲದ ಒಂದು ಅನಿಮೆಯನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಯೊಶಿತೊಶಿ ಅಬೆ ಅವರ ‘ಹಾಯಿಬಾನೆ ರೆನ್ಮೆಯ್’, 2002ರದು, ಹದಿಮೂರೇ ಕಂತು. ಗೋಡೆ ಸುತ್ತಿದ ಊರೊಂದರಲ್ಲಿ ದೊಡ್ಡ ಗೂಡುಗಳಿಂದ ಎಳೆಯರು ಹೊರಬರುತ್ತಾರೆ. ಹಿಂದಿನ ನೆನಪಿಲ್ಲ. ಬೆನ್ನು ಸೀಳಿ ಬೂದುಬಣ್ಣದ ರೆಕ್ಕೆ ಮೂಡುವಾಗ ಜ್ವರ, ನೆತ್ತರು. ಪ್ರಭಾವಳಿಯನ್ನು ಅಚ್ಚಿನಲ್ಲಿ ಎರೆದು ತಲೆಯ ಮೇಲೆ ಇಡುತ್ತಾರೆ. ರಕ್ಕಾ ಎಂಬ ಹುಡುಗಿಗೆ ಅದು ನಿಲ್ಲದೆ ತಂತಿ ಕಟ್ಟಬೇಕಾಗುತ್ತದೆ. ಅವರನ್ನು ಅಲ್ಲಿ ಯಾರೂ ತೆನ್ಶಿ ಅನ್ನುವುದಿಲ್ಲ. ಗೂಡಿನೊಳಗೆ ಕಂಡ ಕನಸಿನಿಂದಲೇ ಹೆಸರು. ಬೀಳುವ ಕನಸು ಕಂಡವಳು ರಕ್ಕಾ. ಬೆಣಚುಕಲ್ಲಿನ ಹಾದಿ ಕಂಡವಳು ರೆಕಿ. ಆದರೆ ರೆಕಿ ಎಂಬ ಅದೇ ಸದ್ದನ್ನು ಇನ್ನೊಂದು ಅಕ್ಷರದಲ್ಲಿ ಬರೆದರೆ ಗಾಲಿಯಡಿ ಸಿಕ್ಕು ಹರಿದವಳು ಎಂದಾಗುತ್ತದೆ. ಎಷ್ಟೋ ವರ್ಷ ಕಲ್ಲಿನ ಹೆಸರು ಹೊತ್ತು ಎಲ್ಲರನ್ನೂ ಸಾಕಿದವಳ ಕೈಗೆ ಕೊನೆಗೆ ಪೆಟ್ಟಿಗೆಯಲ್ಲಿ ಬರುವುದು ಆ ಎರಡನೆಯ ಅಕ್ಷರ.

ನಮ್ಮ ಭಾಷೆಯಲ್ಲಿ ಇದನ್ನು ಮೇಜಿಗೆ ತರುವವರು ಹೀಗೆ ಮಾಡಬಹುದು. ಪಾತ್ರ ಕಟ್ಟುವಾಗ ಅಂಕಗಳ ಹಾಳೆ ಬೇಡ, ಪ್ರತಿಯೊಬ್ಬರೂ ಒಂದು ಕನಸು ಹೇಳಲಿ. ಉಳಿದವರು ಅದರಿಂದ ಒಂದು ಹೆಸರು ಕೊಡಲಿ, ಎರಡರ್ಥ ಬರುವಂಥದ್ದು. ಮಾರ ಎಂಬುದೇ ಇದೆಯಲ್ಲ, ಹೂಬಾಣದವನೂ ಹೌದು, ಕೊಲ್ಲುವವನೂ ಹೌದು. ಕನ್ನಡದಲ್ಲಿ ಇಂಥ ಹೆಸರುಗಳಿಗೆ ಬರವಿಲ್ಲ. ಗೇಮ್ ಮಾಸ್ಟರ್ ಎರಡನೆಯ ಅರ್ಥವನ್ನು ಚೀಟಿಯಲ್ಲಿ ಬರೆದು ಮಡಚಿ ಆಟಗಾರನ ಮುಂದಿಡಲಿ. ಅದನ್ನು ಎಂದು ತೆರೆಯಬೇಕು, ತೆರೆಯುವಾಗ ಪಕ್ಕದಲ್ಲಿ ಯಾರಿರಬೇಕು ಎಂಬುದನ್ನು ಆ ಆಟಗಾರನೇ ಹೇಳಲಿ.